ಗೊಲೊಂದ್ರೀನಾದ ನಾನೂರ ಹನ್ನೆರಡು ಮಂದಿ

ನಮ್ಮ ದೇಶದಲ್ಲಿ ಯಾವ ಕಂಪನಿ ದೊಡ್ಡದು, ಯಾವುದು ಸಣ್ಣದು ಎಂದು ತಿಳಿಯಲು ಓದಿದವರು ಪತ್ರಿಕೆ ನೋಡುತ್ತಾರಂತೆ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು. ನನಗೆ ನಮ್ಮ ಮಾಂಟೆರ್ರೇ ಗುಡ್ಡದ ಮೇಲಿನ ಗ್ವಾದಲೂಪೆ ಮಾತೆಯ ಚರ್ಚಿನ ಬಾಗಿಲು ಸಾಕು. ನವೆಂಬರ್ ಹುಟ್ಟುತ್ತಲೇ ಆ ಬಾಗಿಲಿಗೆ ಒಂದು ಪಟ್ಟಿ ಅಂಟಿಸುತ್ತಾರೆ. ಯಾವ ಕಂಪನಿಯ ಕೆಲಸಗಾರರು ಯಾವ ದಿನ, ಎಷ್ಟು ಗಂಟೆಗೆ ಬಾವುಟ ಹಿಡಿದು ಮೆರವಣಿಗೆಯಲ್ಲಿ ಮಾತೆಯ ದರ್ಶನಕ್ಕೆ ಬರಬೇಕು ಎನ್ನುವ ಪಟ್ಟಿ ಅದು. ಮಾತೆಯ ಹಬ್ಬ ಡಿಸೆಂಬರ್ ಹನ್ನೆರಡಕ್ಕೆ. ಹಬ್ಬಕ್ಕೆ ಎಷ್ಟು ಹತ್ತಿರವೋ ಕಂಪನಿ ಅಷ್ಟು ದೊಡ್ಡದು. ಬಿಯರಿನವರಿಗೆ ಹನ್ನೊಂದು, ಸಿಮೆಂಟಿನವರಿಗೆ ಹತ್ತು, ಉಕ್ಕಿನವರಿಗೂ ಗಾಜಿನವರಿಗೂ ಒಂಬತ್ತು, ಬ್ರೆಡ್ಡಿನವರಿಗೆ ಎಂಟು. ಈಚೆಗೆ ಹೊರದೇಶದವರು ಬಂದು ಕಾರಿನ ಸೀಟು, ಕಾರಿನ ತಂತಿ ಮಾಡುವ ಕಾರ್ಖಾನೆ ತೆರೆದಿದ್ದಾರೆ. ಅವರ ದೊಡ್ಡವರಿಗೆ ಮಾತೆ ಯಾರೆಂದೇ ಗೊತ್ತಿಲ್ಲ. ಆದರೂ ಏಳನೇ ತಾರೀಖಿಗಾಗಿ ತಮ್ಮತಮ್ಮಲ್ಲೇ ಜಗಳವಾಡುತ್ತಾರೆ. ನವೆಂಬರಿನಲ್ಲೇ ಬಂದುಹೋಗುವವರು ಟಯರು ತೇಪೆ ಹಾಕುವವರು, ಗೋರಿಕಲ್ಲು ಕೆತ್ತುವವರು.

ಬರುವವರು ಬರಿಗೈಯಲ್ಲಿ ಬರುವುದಿಲ್ಲ. ತಾವು ಮಾಡಿದ್ದನ್ನೇ ಕಾಣಿಕೆ ತರಬೇಕು. ಬಿಯರಿನವರು ಪೆಟ್ಟಿಗೆ ತರುತ್ತಾರೆ, ಸಿಮೆಂಟಿನವರು ನಾಲ್ಕು ಜನ ಸೇರಿ ಒಂದು ಮೂಟೆ ಹೊತ್ತು ತರುತ್ತಾರೆ. ಮಾತೆಗೆ ಸಿಮೆಂಟು ಯಾತಕ್ಕೆ ಎಂದು ಇದುವರೆಗೆ ಯಾರೂ ಕೇಳಿಲ್ಲ.

ನಾವು ದುಡಿದದ್ದು ಗೊಲೊಂದ್ರೀನಾದಲ್ಲಿ. ನೀಲಿ ಬಣ್ಣದ, ಮೈಯೆಲ್ಲ ಬಿಳಿ ಚುಕ್ಕೆಯ ಎನಾಮಲ್ ಪಾತ್ರೆ ಮಾಡುವ ಕಾರ್ಖಾನೆ. ಕವಲು ಬಾಲದ ಪುಟ್ಟ ಹಕ್ಕಿ ನಮ್ಮ ಗುರುತು. ಮಾಂಟೆರ್ರೇ ಸುತ್ತಿನಲ್ಲಿ ನಮ್ಮ ಪಾತ್ರೆಯಲ್ಲಿ ಹುರುಳಿ ಬೇಯಿಸದ ಮನೆ ಇರಲಿಲ್ಲ. ಪಟ್ಟಿಯಲ್ಲಿ ನಮಗೆ ಡಿಸೆಂಬರ್ ನಾಲ್ಕು, ಸಂಜೆ ಐದು ಗಂಟೆ. ದೊಡ್ಡವರೂ ಅಲ್ಲ, ಟಯರಿನವರೂ ಅಲ್ಲ.

ಹನ್ನೆರಡು ವರ್ಷದ ಹಿಂದೆ ಕಾರ್ಖಾನೆ ಮುಚ್ಚಿತು. ಆ ದಿನ ಸಂಜೆ ಮ್ಯಾನೇಜರು ಗೇಟಿನ ಬೀಗ ಹಾಕಿ, ಅಲ್ಲೇ ನಿಂತಿದ್ದ ಫಿಲೆಮೋನನ ಕೈಗೆ ಬೀಗದಕೈ ಕೊಟ್ಟು, "ಇದನ್ನ ಇಟ್ಕೊಂಡಿರು, ಈಗ ಯಾರಾದ್ರೂ ಬರ್ತಾರೆ" ಎಂದು ಹೇಳಿ ಕಾರು ಹತ್ತಿದ. ನಮ್ಮಲ್ಲಿ 'ಈಗ' ಎಂದರೆ ಒಂದು ಗಳಿಗೆಯೂ ಆಗಬಹುದು, ಒಂದು ಜನ್ಮವೂ ಆಗಬಹುದು. ಹುಟ್ಟಿದ ಪ್ರತಿಯೊಬ್ಬನಿಗೂ ಇದು ಗೊತ್ತು. ಫಿಲೆಮೋನನಿಗೆ ಮಾತ್ರ ಗೊತ್ತಿರಲಿಲ್ಲ. ಅವನು ಆ ಸಂಜೆ ಏಳರವರೆಗೆ ಗೇಟಿನಲ್ಲಿ ಕಾದ. ಮಾರನೇ ಬೆಳಿಗ್ಗೆ ಬಂದು ಕಾದ. ಸುಮ್ಮನೆ ಕಾಯುವುದೇಕೆಂದು ಪೊರಕೆ ತಂದು ಗೇಟಿನ ಮುಂದೆ ಗುಡಿಸಿದ. ಹನ್ನೆರಡು ವರ್ಷ ಗುಡಿಸಿದ.

ಇವನು ನನ್ನ ಕಂಪಾದ್ರೆ. ಅವನ ಮಗುವಿನ ಜ್ಞಾನಸ್ನಾನಕ್ಕೆ ನಾನು ಧರ್ಮತಂದೆಯಾಗಿ ನಿಂತಿದ್ದೆ. ಮಗು ಉಳಿಯಲಿಲ್ಲ, ಸಂಬಂಧ ಉಳಿಯಿತು. ಹಾಗಾಗಿ ಅವನನ್ನು ಬೈಯುವ ಹಕ್ಕು ನನಗಿದೆ. ಅವನಲ್ಲಿದ್ದ ಜಂಭ ಒಂದೇ, ಆ ಬೀಗದಕೈ. ಸೊಂಟಕ್ಕೆ ಕಟ್ಟಿಕೊಂಡು, ವಾರಕ್ಕೊಮ್ಮೆ ಬೂದಿಯಲ್ಲಿ ತಿಕ್ಕಿ, ಹೊಸಬರು ಸಿಕ್ಕಿದರೆ ತಾನು ಗೊಲೊಂದ್ರೀನಾದ ಜವಾಬ್ದಾರ ಎಂದು ಹೇಳಿಕೊಳ್ಳುತ್ತಿದ್ದ. ಬೀದಿಯ ಜನ ನಗುತ್ತಿದ್ದರು. ಗೇಟಿನಿಂದ ಮೂರು ಬೀದಿ ಆಚೆ ಟಾಕೊ ಗಾಡಿ ಇಟ್ಟಿದ್ದ ಹೆರ್ಲಿಂಡಾ, "ಜವಾಬ್ದಾರ್ರೆ, ನಿಮ್ಮ ಹೊಗೆಗೊಳವೆ ಮೇಲೆ ಪಾರಿವಾಳ ಮೊಟ್ಟೆ ಇಟ್ಟದೆ, ಅದಕ್ಕೂ ಹೆರಿಗೆ ರಜೆ ಕೊಡಿ" ಎನ್ನುತ್ತಿದ್ದಳು. ಅವನು ತಲೆಯೆತ್ತಿ ಹೊಗೆಗೊಳವೆ ನೋಡುತ್ತಿದ್ದ.

ಅವನ ಹೆಂಡತಿ ಎಂಕಾರ್ನಾಸಿಯೋನ್. ನಮಗೆಲ್ಲ ಚೋನಾ. ಅವಳೂ ಗೊಲೊಂದ್ರೀನಾದವಳೇ. ಪಾತ್ರೆಯ ಮೇಲಿನ ಬಿಳಿ ಚುಕ್ಕೆ ಇದೆಯಲ್ಲ, ಅದು ಅವಳ ಕೆಲಸ. ಕುಂಚವನ್ನು ಅದ್ದಿ, ಮಣಿಕಟ್ಟನ್ನು ಒಂದು ಸಲ ಕೊಡವಿದರೆ ಪಾತ್ರೆಯ ಮೇಲೆ ನಕ್ಷತ್ರ ಬೀಳುತ್ತಿತ್ತು. ಮದುವೆಯ ಹೊಸದರಲ್ಲಿ ಫಿಲೆಮೋನನ ಬಲಗೈ ತಗಡು ಒತ್ತುವ ಯಂತ್ರಕ್ಕೆ ಸಿಕ್ಕಿತು. ಕೈ ಕತ್ತರಿಸಬೇಕು ಎಂದರು. ಚೋನಾ ಗುಡ್ಡ ಹತ್ತಿ ಹರಕೆ ಹೊತ್ತಳು: ಗಂಡನ ಕೈ ಉಳಿದರೆ ಮೂವತ್ತು ವರ್ಷ ಹಕ್ಕಿಯ ಬಾವುಟದ ಹಿಂದೆ ನಡೆದು ಬರುತ್ತೇನೆ ಎಂದು. ಕೈ ಉಳಿಯಿತು. ಸೊಟ್ಟಗೆ ಉಳಿಯಿತು, ಆದರೂ ಉಳಿಯಿತು. ಇಪ್ಪತ್ತೊಂಬತ್ತು ವರ್ಷ ನಡೆದಳು. ಮೂವತ್ತನೆಯ ವರ್ಷ ಕಾರ್ಖಾನೆ ಮುಚ್ಚಿತು.

ಹೋದ ಸಪ್ಟೆಂಬರಿನಲ್ಲಿ ಚೋನಾಳ ಹೃದಯ ಸೋತಿತು. ಕಾಲು ಬಾತುಕೊಂಡವು. ಡಾಕ್ಟರು ಏನು ಬೇಕಾದರೂ ತಿನ್ನಲಿ, ಪಥ್ಯ ಬೇಡ ಎಂದ. ಇದನ್ನು ಕೇಳಿ ಇಡೀ ಬೀದಿಯಲ್ಲಿ ಸಂತೋಷಪಟ್ಟವನು ಫಿಲೆಮೋನ್ ಒಬ್ಬನೇ. ನಾನು ಅವನನ್ನು ಪಕ್ಕಕ್ಕೆ ಕರೆದು ಅರ್ಥ ಬಿಡಿಸಿ ಹೇಳಬೇಕಾಯಿತು. ಅವತ್ತು ಅವನು ಗುಡಿಸಲಿಲ್ಲ.

ಚೋನಾ ಊಟ ಬಿಟ್ಟಿದ್ದಳು. ಕೇಳಿದರೆ ಒಂದೇ ಮಾತು. ಒಂದು ವರ್ಷ ಉಳಿಸಿಕೊಂಡು ಮಾತೆಯ ಮುಂದೆ ಹೇಗೆ ನಿಲ್ಲಲಿ?

ಫಿಲೆಮೋನ್ ಗುಡ್ಡ ಹತ್ತಿ ಚರ್ಚಿನ ಕಚೇರಿಗೆ ಹೋದ. ನಾನೂ ಜೊತೆಗಿದ್ದೆ. ಬಿಡಿ ಜನ ಯಾವಾಗ ಬೇಕಾದರೂ ಬರಬಹುದು, ದಿನ ಗೊತ್ತುಮಾಡುವುದು ಕಂಪನಿಗಳಿಗೆ ಮಾತ್ರ ಎಂದು ಅಲ್ಲಿಯ ಹೆಂಗಸು ಹೇಳಿದಳು. ನಮ್ಮದೂ ಕಂಪನಿಯೇ ಎಂದ ಇವನು. ಅವಳು ಅರ್ಜಿ ಕೊಟ್ಟಳು. ಕಂಪನಿಯ ಹೆಸರು ಎಂದಿತ್ತು. ಗೊಲೊಂದ್ರೀನಾ ಎಂದು ಬರೆದ. ಸಂಪರ್ಕಿಸಬೇಕಾದ ಜವಾಬ್ದಾರರು ಎಂದಿತ್ತು. ತನ್ನ ಹೆಸರು ಬರೆದ. ಕೆಲಸಗಾರರ ಸಂಖ್ಯೆ ಎಂದಿತ್ತು. ಪೆನ್ನು ನಿಂತಿತು. ಕೊನೆಯ ಬಾರಿ ಎಣಿಸಿದಾಗ ಎಷ್ಟಿತ್ತು ಎಂದು ನನ್ನನ್ನು ಕೇಳಿದ. ನಾನೂರ ಹನ್ನೆರಡು ಎಂದೆ. ಸೊಟ್ಟ ಕೈಯಿಂದ ಅದನ್ನೇ ಬರೆದ. ಅರ್ಜಿಯಲ್ಲಿ ಒಂದು ಸುಳ್ಳೂ ಇರಲಿಲ್ಲ. ಕಾರ್ಖಾನೆ ನಡೆಯುತ್ತಿದೆಯೇ ಎಂದು ಅದು ಕೇಳಿರಲಿಲ್ಲ, ಇವನು ಹೇಳಲಿಲ್ಲ. ಹೆಂಗಸು ಠಸ್ಸೆ ಒತ್ತಿದಳು. ಹಳೇ ದಿನ, ಹಳೇ ಹೊತ್ತು.

ಮನೆಗೆ ಬಂದು ದಿನ ಸಿಕ್ಕಿತು ಎಂದ. ಚೋನಾ ದಿಂಬಿನಿಂದ ತಲೆ ಎತ್ತಿದಳು. "ಮುಚ್ಚಿದ ಕಾರ್ಖಾನೆಗೆ ದಿನ ಕೊಡಲ್ಲ ಅವ್ರು. ತೆಗಿತಾರಾ ಹಾಗಾದ್ರೆ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು, ಹಸಿವಾಗ್ತಿದೆ, ಒಂದು ರೊಟ್ಟಿ ಬಿಸಿ ಮಾಡು ಎಂದಳು. ಅವನು ಬಾಯಿ ಮುಚ್ಚಿಕೊಂಡು ರೊಟ್ಟಿ ಬಿಸಿ ಮಾಡಿದ. ಹನ್ನೊಂದು ದಿನದ ಮೇಲೆ ಅವಳು ತಾನಾಗಿ ಕೇಳಿದ ಮೊದಲ ರೊಟ್ಟಿ ಅದು. ನೀವಾಗಿದ್ದರೂ ಬಾಯಿ ಮುಚ್ಚಿಕೊಳ್ಳುತ್ತಿದ್ದಿರಿ.

ನವೆಂಬರಿನಲ್ಲಿ ಪಟ್ಟಿ ಬಾಗಿಲಿಗೆ ಬಿತ್ತು. ಬ್ರೆಡ್ಡಿನವರಿಗಿಂತ ನಾಲ್ಕು ಗೆರೆ ಕೆಳಗೆ, "ಗೊಲೊಂದ್ರೀನಾ ಎನಾಮಲ್, ಕೆಲಸಗಾರರು 412." ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು. ಕೊರಿಯಾದವರು ಕೊಂಡಿದ್ದಾರೆ ಎಂದು ಕೆಲವರು, ಚೀನಾದವರು ಎಂದು ಕೆಲವರು. ಹೆರ್ಲಿಂಡಾ ಮೂರು ಬೀದಿ ಗಾಡಿ ತಳ್ಳಿಕೊಂಡು ಬಂದು ಗೇಟಿನ ಎದುರಿಗೇ ನಿಲ್ಲಿಸಿದಳು. ನಾನೂರ ಹನ್ನೆರಡು ಹೊಟ್ಟೆಯ ಮುಂದೆ ಮೊದಲು ನಿಂತವಳು ತಾನಾಗಬೇಕಂತೆ.

ಫಿಲೆಮೋನ್ ಅವಳಿಗೆ ನಿಜ ಹೇಳಿದ. ಯಾರೂ ಕೊಂಡಿಲ್ಲ, ಯಾರೂ ತೆಗೆಯುವುದಿಲ್ಲ ಎಂದ. ಹೆರ್ಲಿಂಡಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹನ್ನೆರಡು ವರ್ಷ 'ಈಗ ಬರ್ತಾರೆ' ಅಂತಿದ್ರಿ. ಈವತ್ತು ಬರಲ್ಲ ಅಂತೀರಿ. ಅಂದ್ಮೇಲೆ ಬಂದಾಗಿದೆ ಅಂತಾಯ್ತು."

ಫಿಲೆಮೋನ್ ಪೊರಕೆ ಎತ್ತಿಕೊಂಡು ಗಾಡಿಯ ಸುತ್ತ ಗುಡಿಸಿದ.

ಮಾರನೇ ದಿನ ಕ್ರಿಸಾಂತೊ ಬಂದ. ಹಳೇ ಕಾರ್ಮಿಕ ಸಂಘದ ಕಾರ್ಯದರ್ಶಿ. ಕಾರ್ಖಾನೆ ಸತ್ತರೂ ಅವನ ಹುದ್ದೆ ಸತ್ತಿರಲಿಲ್ಲ, ಯಾಕೆಂದರೆ ರಾಜೀನಾಮೆ ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಕಂಕುಳಲ್ಲಿ ಹಾಜರಿ ಪುಸ್ತಕ. ಹೊಸ ಧಣಿಗಳು ಒಬ್ಬ ಹೊಸಬನನ್ನು ಸೇರಿಸಿಕೊಂಡರೂ ಗೇಟಿನಲ್ಲಿ ಮಲಗುತ್ತೇನೆ, ಮೊದಲು ಈ ಪುಸ್ತಕದಲ್ಲಿ ಇರುವವರು ಎಂದು ತಿಳಿಸಿ ಹೋದ. ಫಿಲೆಮೋನ್ ಧಣಿಗಳೇ ಇಲ್ಲ ಎಂದ. ಹಾಗೆ ಹೇಳು ಎಂದು ಅವರೇ ಹೇಳಿಕೊಟ್ಟಿರುತ್ತಾರೆ ಎಂದ ಕ್ರಿಸಾಂತೊ.

ಮೂರನೇ ದಿನ ಪುರಸಭೆಯ ಉದ್ಯಮ ಇಲಾಖೆಯ ತ್ರೆವಿನ್ಯೋ ಸಾಹೇಬರು ಬಂದರು. ಎಳೇ ವಯಸ್ಸು, ಹೊಳೆಯುವ ಬೂಟು. ಆ ವರ್ಷ ಪಕ್ಕದ ಊರಿಗೆ ಆರು ಕಾರ್ಖಾನೆ ಬಂದಿದ್ದವು, ನಮ್ಮ ಊರಿಗೆ ಒಂದೂ ಇಲ್ಲ. ಡಿಸೆಂಬರಿನೊಳಗೆ ಮೇಲಿನವರಿಗೆ ವರದಿ ಕೊಡಬೇಕಿತ್ತು. ಅವರು ಫಿಲೆಮೋನನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆ ಕೈಯನ್ನು ಸರಕಾರದವರು ಹಾಗೆ ಹಿಡಿದದ್ದು ಅದೇ ಮೊದಲು.

"ಸಾಹೇಬ್ರೆ, ಯಾರೂ ಕೊಂಡಿಲ್ಲ" ಎಂದ ಫಿಲೆಮೋನ್.

"ಗೊತ್ತು, ಗೊತ್ತು. ಸಹಿ ಆಗೋ ತನಕ ಬಾಯಿ ಬಿಡಬಾರ್ದು ಅಂತ ಕರಾರಿರತ್ತೆ. ನನ್ನತ್ರ ಹೇಳ್ಬೇಡಿ. ಚೀನಾದವ್ರಾ, ಕೊರಿಯಾದವ್ರಾ, ಅಷ್ಟು ಮಾತ್ರ."

"ಚೀನಾದವ್ರನ್ನ ನಾನು ನೋಡೇ ಇಲ್ಲ ಸಾಹೇಬ್ರೆ."

ಸಾಹೇಬರು ಪುಸ್ತಕ ತೆಗೆದು ಕೊರಿಯಾ ಎಂದು ಬರೆದುಕೊಂಡರು.

ಇಷ್ಟಕ್ಕೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ಆದರೆ ಚೋನಾಗೆ ಕಾಣಿಕೆ ನೆನಪಾಯಿತು. ಆ ವರ್ಷದ ಮೊದಲ ಪಾತ್ರೆಯನ್ನು ಮಾತೆಗೆ ಕೊಡುವುದು ಗೊಲೊಂದ್ರೀನಾದ ಪದ್ಧತಿ. ಚುಕ್ಕೆ ಯಾರು ಹಾಕುತ್ತಿದ್ದಾರೆ, ಹೊಸ ಹುಡುಗಿಯರ ಕೈಗೆ ಕೊಡಬೇಡ, ಇಲ್ಲಿಗೆ ತಾ, ನಾನೇ ಹಾಕುತ್ತೇನೆ ಎಂದಳು. ಮನೆಯಲ್ಲಿ ಹಳೇ ಪಾತ್ರೆ ಬೇಕಾದಷ್ಟಿತ್ತು. ಆದರೆ ಮಾತೆಯ ಲೆಕ್ಕದಲ್ಲಿ ಹಳೇದು ನಡೆಯುವುದಿಲ್ಲ, ಚೋನಾಳ ಲೆಕ್ಕದಲ್ಲಂತೂ ಮೊದಲೇ ನಡೆಯುವುದಿಲ್ಲ.

ಫಿಲೆಮೋನ್ ನನ್ನ ಮುಖ ನೋಡಿದ. ನಾನು ಮೂವತ್ತಾರು ವರ್ಷ ಕುಲುಮೆ ನೋಡಿಕೊಂಡವನು.

ಹನ್ನೆರಡು ವರ್ಷದ ಮೇಲೆ ಆ ಬೀಗದಕೈ ಬೀಗದೊಳಗೆ ಹೋಯಿತು. ತಿರುಗಲಿಲ್ಲ. ಬೀಗದಕೈಯನ್ನು ವಾರವಾರ ತಿಕ್ಕಿದವನು ಬೀಗಕ್ಕೆ ಒಂದು ತೊಟ್ಟು ಎಣ್ಣೆ ಬಿಟ್ಟಿರಲಿಲ್ಲ. ಹೆರ್ಲಿಂಡಾಳ ಬಾಣಲೆಯಿಂದ ಹಂದಿಕೊಬ್ಬು ತಂದು ಸವರಿದ ಮೇಲೆ ತೆರೆಯಿತು.

ಒಳಗೆ ಚಾವಣಿ ಅರ್ಧ ಕುಸಿದಿತ್ತು. ದೊಡ್ಡ ಕುಲುಮೆಗಳ ಇಟ್ಟಿಗೆ ಬಿಚ್ಚಿಕೊಂಡು ಹೋಗಿದ್ದರು. ಫಿಲೆಮೋನ್ ಮುಂದಿನ ಗೇಟು ಗುಡಿಸುತ್ತಿದ್ದಾಗ ಕಳ್ಳರು ಹಿಂದಿನ ಗೋಡೆ ಒಡೆದು ಹನ್ನೆರಡು ವರ್ಷ ಓಡಾಡಿದ್ದರು. ಅವನು ಆ ತೂತಿನ ಮುಂದೆ ಸ್ವಲ್ಪ ಹೊತ್ತು ನಿಂತ.

ಬಣ್ಣ ಪರೀಕ್ಷೆ ಮಾಡುವ ಕೋಣೆಯಲ್ಲಿ ಪುಟ್ಟ ಕುಲುಮೆ ಒಂದು ಉಳಿದಿತ್ತು, ಒಂದು ಸಲಕ್ಕೆ ಒಂದೇ ಪಾತ್ರೆ ಹಿಡಿಸುವಂಥದ್ದು. ಅದರ ಹೊಗೆ ಹಳೇ ದೊಡ್ಡ ಕೊಳವೆಗೇ ಸೇರುತ್ತಿತ್ತು. ಮೂಲೆಯಲ್ಲಿ ನೀಲಿ ಪುಡಿಯ ಒಂದು ಚೀಲ, ಬಿಳಿಯದರ ಅರ್ಧ ಚೀಲ. ತುಕ್ಕು ಹಿಡಿದ ಬರಿ ಪಾತ್ರೆಗಳ ರಾಶಿಯಲ್ಲಿ ತೂತಿಲ್ಲದ್ದನ್ನು ಆರಿಸಿ, ಮರಳು ಹಾಕಿ ಎರಡು ದಿನ ತಿಕ್ಕಿದೆವು. ಗ್ಯಾಸ್ ಸಿಲಿಂಡರು ಹೆರ್ಲಿಂಡಾ ಕೊಟ್ಟಳು. ಕಾರಣ ಕೇಳಲಿಲ್ಲ, ಕೊರಿಯಾದವರಿಗೆ ಟಾಕೊ ಸೇರುತ್ತದೆಯೇ ಎಂದು ಮಾತ್ರ ಕೇಳಿದಳು. ನೀಲಿ ಬಳಿದು, ಒಣಗಿಸಿ, ಕುಲುಮೆ ಹಚ್ಚಿದೆ.

ಹೊಗೆಗೊಳವೆಯಿಂದ ಹೊಗೆ ಎದ್ದಿತು. ಮೊದಲು ಪಾರಿವಾಳಗಳು ಎದ್ದವು, ಆಮೇಲೆ ಹೊಗೆ. ಬೀದಿಯ ಜನ ಮನೆಯಿಂದ ಹೊರಗೆ ಬಂದು ತಲೆಯೆತ್ತಿ ನಿಂತರು. ತ್ರೆವಿನ್ಯೋ ಸಾಹೇಬರು ಕಾರು ನಿಲ್ಲಿಸಿ ಫೋಟೋ ತೆಗೆದುಕೊಂಡರು. ಒಂದು ಪಾತ್ರೆಗೆ ಅಷ್ಟು ಹೊಗೆ ಬಂದದ್ದು ಕೊಳವೆಯೊಳಗಿನ ಹಕ್ಕಿಗೂಡುಗಳಿಂದ. ಅದನ್ನು ಕೇಳುವವರು ಯಾರು?

ಚುಕ್ಕೆಗೆಂದು ಪಾತ್ರೆಯನ್ನು ಚೋನಾಳ ಹಾಸಿಗೆಗೆ ತಂದೆವು. ಬೆನ್ನಿಗೆ ಮೂರು ದಿಂಬು ಕೊಟ್ಟೆವು. ಅವಳು ಕಾರ್ಖಾನೆಯ ಹಳೇ ಮೇಲಂಗಿ ತರಿಸಿ ಹಾಕಿಕೊಂಡಿದ್ದಳು, ಎದೆಯ ಮೇಲೆ ಅವಳ ಹಾಜರಿ ನಂಬರು ಎಂಬತ್ತೆಂಟು. ಫಿಲೆಮೋನ್ ಪಾತ್ರೆಯನ್ನು ಸೊಟ್ಟ ಕೈಯ ಮೇಲೆ ಕೂರಿಸಿಕೊಂಡು ಮೆಲ್ಲಗೆ ತಿರುಗಿಸಿದ. ಅವಳು ಕುಂಚ ಅದ್ದಿ ಕೊಡವಿದಳು. ನಕ್ಷತ್ರ ಬಿದ್ದವು. ಅರ್ಧ ಸುತ್ತು ಬರುವುದರೊಳಗೆ ಮಣಿಕಟ್ಟು ಸೋತಿತು. ಉಳಿದರ್ಧದ ಮೇಲೆ ಅಲ್ಲೊಂದು ಇಲ್ಲೊಂದು.

"ಸಾಕು ಬಿಡು ಚೋನಾ" ಎಂದ ಅವನು.

"ಕೈ ಅಲ್ಲಾಡಿಸ್ಬೇಡ" ಎಂದಳು ಅವಳು. "ಈ ಕೈಗೋಸ್ಕರ ಎಷ್ಟು ನಡ್ದಿದೀನಿ ಗೊತ್ತಾ?"

ಇನ್ನೂ ಮೂರು ಚುಕ್ಕೆ ಹಾಕಿದಳು.

ನಾನು ಅದನ್ನು ಸುಟ್ಟು ತಂದಾಗ ಅಂಚಿನಲ್ಲಿ ಒಂದು ಬಿರುಕು ಬಿಟ್ಟಿತ್ತು. ಚೋನಾ ಉಗುರಿನಿಂದ ಬಡಿದು ಸದ್ದು ಕೇಳಿದಳು. ಕುಲುಮೆಯವನು ಮುದುಕನಾಗಿದ್ದಾನೆ ಎಂದು ನನ್ನನ್ನು ಬೈದಳು. ಆ ವಾರ ದಿನಕ್ಕೆರಡು ರೊಟ್ಟಿ ತಿಂದಳು.

ಡಿಸೆಂಬರ್ ಒಂದರ ಬೆಳಿಗ್ಗೆ ಹೋದಳು. ರೊಟ್ಟಿ ಬಿಸಿ ಮಾಡಲು ಒಳಗೆ ಹೋದವನು ಬರುವಷ್ಟರಲ್ಲಿ ಮುಗಿದಿತ್ತು. ಆ ಮೇಲಂಗಿಯಲ್ಲೇ ಮಣ್ಣು ಮಾಡಿದೆವು. ಫಿಲೆಮೋನ್ ಅಳಲಿಲ್ಲ. ನಾಲ್ಕನೇ ತಾರೀಖಿಗೆ ಇನ್ನು ಮೂರು ದಿನ, ಇನ್ನು ಎರಡು ದಿನ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಬರೀ ಮೂರು ದಿನ ಕಂಪಾದ್ರೆ, ಮಾತೆ ಮೂರು ದಿನ ತಡೀಬಹುದಿತ್ತು ಎಂದು ನನ್ನ ಹತ್ತಿರ ಒಂದು ಸಲ ಹೇಳಿದ, ಅಷ್ಟೆ.

ನಾಲ್ಕನೇ ತಾರೀಖು ಮೂರು ಗಂಟೆಗೆ ಗೇಟಿನ ಮುಂದೆ ಜನ ಸೇರಿದರು. ಎಲ್ಲರ ಮೈಮೇಲೂ ಹಳೇ ನೀಲಿ ಮೇಲಂಗಿ. ಕೆಲವರದು ಗುಂಡಿ ಹಾಕಲು ಬರುತ್ತಿರಲಿಲ್ಲ, ಕೆಲವರ ಮೈಮೇಲೆ ಜೋಲುತ್ತಿತ್ತು. ಕೋಲೂರಿಕೊಂಡು ಬಂದವರಿದ್ದರು. ಬಾವುಟ ನನ್ನ ಪೆಟ್ಟಿಗೆಯಲ್ಲಿತ್ತು, ನನ್ನ ಹೆಂಡತಿ ಬದುಕಿದ್ದಾಗ ಕಸೂತಿ ಹಾಕಿದ್ದು. ನಾನೇ ಹಿಡಿದೆ. ಫಿಲೆಮೋನ್ ಪಾತ್ರೆ ಎದೆಗವಚಿಕೊಂಡು ಹಿಂದೆ ಬಂದ.

ಚರ್ಚಿನ ಮೆಟ್ಟಿಲ ಬುಡದಲ್ಲಿ ಕಚೇರಿಯ ಹೆಂಗಸು ತಲೆ ಎಣಿಸುತ್ತ ನಿಂತಿದ್ದಳು. ನೂರ ಮೂವತ್ತೇಳು ಬಂತು. ನಾನೂರ ಹನ್ನೆರಡು ಎಂದು ಬರೆದಿದ್ದೀರಲ್ಲ, ಉಳಿದವರೆಲ್ಲಿ, ನಾನೂರಕ್ಕೆ ಕಡಿಮೆಯಾದರೆ ಪೂರ್ತಿ ಪೂಜೆ ನಿಮಗಿಲ್ಲ ಎಂದಳು. ಅಷ್ಟರಲ್ಲಿ ತ್ರೆವಿನ್ಯೋ ಸಾಹೇಬರು ಮೈಕು ಹಿಡಿದು, ಕೊರಿಯಾದ ಗೆಳೆಯರ ನೆರವಿನಿಂದ ನಮ್ಮ ಊರಿಗೆ ನಾನೂರ ಹನ್ನೆರಡು ಹೊಸ ಉದ್ಯೋಗ ಬಂದಿದೆ ಎಂದು ಸಾರಿಬಿಟ್ಟಿದ್ದರು. ಜವಾಬ್ದಾರರು ಎರಡು ಮಾತಾಡಲಿ ಎಂದು ಮೈಕನ್ನು ಫಿಲೆಮೋನನ ಬಾಯಿಗೆ ಹಿಡಿದರು.

ಫಿಲೆಮೋನ್ ಪಾತ್ರೆ ನೋಡಿದ, ಜನರನ್ನು ನೋಡಿದ.

"ಯಾರೂ ಕೊಂಡಿಲ್ಲ" ಎಂದ. "ನನ್ನತ್ರ ಇರೋದು ಒಂದು ಬೀಗದಕೈ. ಒಳಗೆ ಕಾರ್ಖಾನೆನೂ ಇಲ್ಲ. ನಮ್ಮ ಚೋನಾದು ಒಂದು ವರ್ಷ ಉಳಿದಿತ್ತು. ಅದಕ್ಕೆ ಅರ್ಜಿ ಹಾಕ್ದೆ. ಅವಳೂ ಹೋದ್ಲು. ತಪ್ಪಾಯ್ತು."

ಸಾಹೇಬರು ಮೈಕಿನ ಗುಂಡಿ ಹುಡುಕಿದರು, ಸಿಗಲಿಲ್ಲ. ಹೆರ್ಲಿಂಡಾ ಕಣ್ಣಿಗೆ ಶಾಲಿನ ತುದಿ ಒತ್ತಿಕೊಂಡಳು. ಇನ್ನೇನು ಜನ ಬೈಯುತ್ತಾರೆ ಎಂದು ನಾನು ಬಾವುಟದ ಕೋಲು ಬಿಗಿ ಹಿಡಿದೆ.

ಕ್ರಿಸಾಂತೊ ಮುಂದೆ ಬಂದು ಮೈಕು ಕಿತ್ತುಕೊಂಡ. "ಏನಯ್ಯಾ ಫಿಲೆಮೋನ್, ನಾವೇನು ಕುರುಡ್ರಾ? ಆ ಚಾವಣಿ ಬಿದ್ದಿದ್ದು ಬೀದಿಗೆಲ್ಲ ಕಾಣತ್ತೆ. ಕೊರಿಯಾದವ್ರು ಬರ್ತಾರೆ ಅಂತ ಒಂದು ವಾರ ನಂಬಿದ್ವಿ. ನಂಬೋಕೆ ಚೆನ್ನಾಗಿತ್ತು. ಆಮೇಲೆ ನಂಬಿಕೆ ಹೋಯ್ತು. ಆದ್ರೂ ಮೇಲಂಗಿ ಒಗೆದಾಗಿತ್ತು, ಬಂದ್ವಿ." ಆಮೇಲೆ ಕಚೇರಿಯ ಹೆಂಗಸಿನ ಕಡೆ ತಿರುಗಿದ. "ನಾನೂರ ಹನ್ನೆರಡು ಬೇಕಲ್ಲಮ್ಮ ನಿನಗೆ? ತಗೋ."

ಹಾಜರಿ ಪುಸ್ತಕ ಬಿಚ್ಚಿ ಒಂದನೇ ನಂಬರಿನಿಂದ ಕೂಗತೊಡಗಿದ. ಇದ್ದವರು ಹಾಜರ್ ಎಂದರು. ನಾಲ್ಕನೇ ನಂಬರಿಗೆ ಯಾರೂ ಮಾತಾಡಲಿಲ್ಲ. ಅವನು ಸತ್ತು ಐದು ವರ್ಷವಾಗಿತ್ತು. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದವನು ಕೆಮ್ಮಿ, ಹಾಜರ್ ಎಂದ. ಅಲ್ಲಿಂದ ಹಾಗೇ ಸಾಗಿತು. ಸತ್ತವರಿಗೆ, ಕೆಲಸ ಹುಡುಕಿಕೊಂಡು ಗಡಿ ದಾಟಿದವರಿಗೆ, ಎಲ್ಲಿದ್ದಾರೋ ಗೊತ್ತಿಲ್ಲದವರಿಗೆ ಯಾರಾದರೊಬ್ಬರು ಹಾಜರ್ ಎನ್ನುತ್ತಿದ್ದರು. ಹೆಂಗಸು ಎಣಿಸುತ್ತಲೇ ಇದ್ದಳು. ನಿಲ್ಲಿಸಿ ಎಂದು ಹೇಳಲಿಲ್ಲ.

"ಎಂಬತ್ತೆಂಟು" ಎಂದ ಕ್ರಿಸಾಂತೊ.

ಎಲ್ಲರೂ ಫಿಲೆಮೋನನನ್ನು ನೋಡಿದರು. ಅವನು ಪಾತ್ರೆಯನ್ನು ಸೊಟ್ಟ ಕೈಯಲ್ಲಿ ಮೇಲಕ್ಕೆ ಎತ್ತಿದ.

"ಹಾಜರ್" ಎಂದ.

ಆಗ ಅತ್ತ.

ಕಡೆಗೆ ನಾನೂರ ಹನ್ನೆರಡು ಆಯಿತು. ಪೂರ್ತಿ ಪೂಜೆ ಸಿಕ್ಕಿತು. ಪಾತ್ರೆ ಚರ್ಚಿನ ಅಡುಗೆಮನೆಗೆ ಸೇರಿತು, ಅಲ್ಲಿ ಈಗ ದಿಕ್ಕಿಲ್ಲದವರಿಗೆ ಹುರುಳಿ ಬೇಯುತ್ತದೆ. ತ್ರೆವಿನ್ಯೋ ಸಾಹೇಬರ ವರದಿ ಆಗಲೇ ಮೇಲಕ್ಕೆ ಹೋಗಿಬಿಟ್ಟಿತ್ತಂತೆ, ಹಿಂದಕ್ಕೆ ತರುವ ಮೆಟ್ಟಿಲು ಸರಕಾರದಲ್ಲಿ ಇಲ್ಲವಂತೆ. ಹಾಗಾಗಿ ನಮ್ಮ ರಾಜ್ಯದಲ್ಲಿ ಆ ವರ್ಷ ಬೆಳೆದ ಉದ್ಯೋಗಗಳಲ್ಲಿ ನಾವೂ ಇದ್ದೇವೆ, ಸತ್ತವರೂ ಸೇರಿ. ಹೆರ್ಲಿಂಡಾ ಗಾಡಿಯನ್ನು ಮತ್ತೆ ಮೂರು ಬೀದಿ ಆಚೆಗೆ ಒಯ್ಯಲಿಲ್ಲ. ಬೆಳಿಗ್ಗೆ ಗೇಟು ಗುಡಿಸುವವನಿಗೆ ಎರಡು ಟಾಕೊ ಕೊಡುತ್ತಾಳೆ, ಹೊಗೆಗೊಳವೆಯ ಸುದ್ದಿ ಎತ್ತುವುದಿಲ್ಲ.

ಹೋದ ವಾರ ಚರ್ಚಿನಿಂದ ಹೊಸ ಅರ್ಜಿ ಬಂತು. ಒಮ್ಮೆ ಬಂದ ಕಂಪನಿಗೆ ಮರುವರ್ಷ ತಾವೇ ಕಳಿಸುತ್ತಾರೆ. ಫಿಲೆಮೋನ್ ಅದನ್ನು ನನ್ನ ಮನೆಗೆ ತಂದು ಮೇಜಿನ ಮೇಲೆ ಹರಡಿದ. ಹೆಸರು ಬರೆದ. ಜವಾಬ್ದಾರರು ಎಂದಿರುವ ಕಡೆ ತನ್ನ ಹೆಸರು ಬರೆದ. ಕೆಲಸಗಾರರ ಸಂಖ್ಯೆ ಎಂದಿರುವ ಕಡೆ ಪೆನ್ನು ನಿಂತಿತು.

"ಈ ವರ್ಷ ಒಂದು ಕಮ್ಮಿ ಅಲ್ವಾ ಕಂಪಾದ್ರೆ?" ಎಂದ.

ಇಲ್ಲ, ಹೋದ ಸಲದಷ್ಟೇ ಎಂದೆ.

ಸೊಟ್ಟ ಕೈಯಿಂದ ಅಷ್ಟೇ ಬರೆದ.